ತುಪ್ಪಕ್ಕೆ ಹತ್ತಿದ ವಾಸನೆ

ನಡುವಟ್ಟಂ
೧೯ ಆಗಸ್ಟ್ ೧೯೩೧

ಚಿ. ಸೌ. ಉಮಾಗೆ ಅಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ತಂಗಿ ಜೋಗಮ್ಮ ಹೋದಳೆಂದು ತಂತಿ ಕೊಟ್ಟೆನೇ ಹೊರತು ಹೇಗೆಂದು ತಿಳಿಸಲಿಲ್ಲ. ಬಾಣಂತಿ ನೀನು, ಅವಳ ಮುಖ ನೋಡಲೂ ಬರಲಾಗಲಿಲ್ಲ. ಎಸ್ಟೇಟಿನ ರೈಟರಾಗಿ ಊರಿನ ಅರ್ಜಿಗಳನ್ನೆಲ್ಲ ಬರೆದ ಕೈ ಇದು. ಈ ಕಾಗದಕ್ಕೆ ಮೂರು ದಿನ ಹಿಡಿಯಿತು.

ಚೈತ್ರದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಜಯರಾಮನ್ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ, ನನಗೂ ಒಂದು ಡಬ್ಬಿ ಕೊಟ್ಟುಹೋಗಿದ್ದರು. ನೀರಿಗೂ ಮೋರಿಗೂ ಕಾಯಿಲೆಯವರ ಬಟ್ಟೆಗೂ ಅದೇ ಒಂದು ಪುಡಿ. "ಮುಚ್ಚಳ ಬಿಗಿಯಾಗಿರಲಿ ರೈಟರೇ. ಗಾಳಿ ತಗುಲಿದರೆ ಇದು ಬರೀ ಸುಣ್ಣ" ಎಂದಿದ್ದರು. ಊರಿನಲ್ಲಿ ಓದಿದವನು ನಾನೊಬ್ಬನೇ ಎಂಬ ಹೆಮ್ಮೆಯಲ್ಲಿ ತಲೆಯಾಡಿಸಿದ್ದೆ.

ಆಷಾಢದಲ್ಲಿ ಗೂಡಲೂರು ಕಡೆಯಿಂದ ವಾಂತಿಭೇದಿ ಹತ್ತಿಬಂತು. ಘಾಟಿ ಕುಸಿದು ಇನ್ಸ್‌ಪೆಕ್ಟರ್ ಬರಲಾಗಲಿಲ್ಲ. ಸೌದೆಯೆಲ್ಲ ಒದ್ದೆ, ಆದರೂ ನಿನ್ನ ಅವ್ವ ಹೊಗೆಯಲ್ಲಿ ಕೆಮ್ಮುತ್ತ ನೀರು ಕಾಯಿಸುತ್ತಿದ್ದಳು. "ಬಾವಿಗೆ ನಾನು ಪುಡಿ ಹಾಕಿದ್ದೀನಲ್ಲ, ಇನ್ನು ಕಾಯಿಸೋದ್ಯಾಕೆ?" ಎಂದು ನಾನೇ ಒಲೆ ಆರಿಸಿದೆ.

ಊರವರು ಬಾವಿಯ ಸುತ್ತ ನಿಂತಿದ್ದರು, ಯಾರೂ ಬಿಂದಿಗೆ ಇಳಿಸಲಿಲ್ಲ. ಅವರಿಗೆ ಧೈರ್ಯ ಬರಲೆಂದು ನಿನ್ನ ತಂಗಿಯನ್ನು ಕರೆದು ಲೋಟ ಕೊಟ್ಟೆ. ಮೂಸಿ ನೋಡಿ, "ಅಪ್ಪಾ, ಇನ್ಸ್‌ಪೆಕ್ಟರ್ ಹಾಕಿದ ದಿನ ಮೂಗು ಮುಚ್ಚಿಕೊಂಡಿದ್ದೆವು. ಇವತ್ತು ವಾಸನೆಯೇ ಇಲ್ಲವಲ್ಲ?" ಎಂದಳು. "ಇಲ್ಲದಿದ್ದರೆ ಒಳ್ಳೇದೇ ಅಲ್ವೇನೇ, ಕುಡಿ" ಎಂದು ನಕ್ಕೆ. ಕುಡಿದಳು ಉಮಾ. ನನ್ನ ಮುಖ ನೋಡಿಕೊಂಡೇ ಕುಡಿದಳು.

ಮೂರನೆಯ ದಿನ ಬೆಳಿಗ್ಗೆ ಶುರುವಾಯಿತು, ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ನಿನ್ನೆ ಕೊಡ ಹೊತ್ತು ನಡೆದವಳು ಇವತ್ತಿಲ್ಲ ಎಂದರೆ ಏನದು? ಇನ್ನೂ ನನ್ನ ತಲೆಗೆ ಹೋಗುತ್ತಿಲ್ಲ. ಆ ವಾರ ಇನ್ನಿಬ್ಬರು ಹೋದರು.

ದಾರಿ ತೆರೆದ ಮೇಲೆ ಜಯರಾಮನ್ ಬಂದರು. ಪುಡಿಯಿದ್ದ ಮಡಕೆಗೆ ಕೈ ಹಾಕಿ ಮೂಸಿದರು. "ಡಬ್ಬಿ ಎಲ್ಲಿ?" ಎಂದರು. ತುಕ್ಕು ಹಿಡಿಯಿತೆಂದು ಎಸೆದೆ ಅಂದೆ. ಅವರು ನನ್ನನ್ನೇ ನೋಡಿದರು. ಊರ ಕೂಟದಲ್ಲಿ ನೆರೆಮನೆಯ ನಂಜುಂಡನ್ ಎದ್ದು, "ಸರ್ಕಾರದ ಪುಡಿ ಸುಳ್ಳು, ಇನ್ನು ನಮ್ಮ ಬಾವಿ ಹತ್ತಿರ ಬರಬೇಡಿ" ಎಂದು ಅವರನ್ನು ಅಟ್ಟಿದ. ನಾನು ತಲೆ ತಗ್ಗಿಸಿ ಕೂತಿದ್ದೆ.

ಕೂನೂರಿನಲ್ಲಿ ಚಳಿ ಜಾಸ್ತಿ, ಮಗುವಿನ ಕಿವಿಗೆ ಬಟ್ಟೆ ಕಟ್ಟು. ನೀರು ಕಾಯಿಸಿಯೇ ಕುಡಿ, ಯಾರು ಏನೇ ಹೇಳಲಿ. ನಮ್ಮ ಹಿರಿಯರಂತೆ ಮಗುವಿಗೆ 'ಒಂದು ಸಾವಿರವಾಗಲಿ' ಎಂದು ಹರಸಬೇಕು, ಹರಸಿದ್ದೇನೆಂದು ತಿಳಿದುಕೋ.

ನಿನ್ನ ಅಪ್ಪ,
ನಂಜಪ್ಪ

ತಾ.ಕ.: ಬಾಣಂತನಕ್ಕೆ ಕಳಿಸಿದ ತುಪ್ಪಕ್ಕೆ ಏನೋ ಘಾಟು ವಾಸನೆ, ಯಾಕಪ್ಪಾ ಎಂದು ನೀನು ಕಾಗದದಲ್ಲಿ ಕೇಳಿದ್ದೆ. ಅದನ್ನು ತಿನ್ನಬೇಡ, ಚೆಲ್ಲಿಬಿಡು. ಘಾಟಿಯ ತಿರುವಿನಲ್ಲಿ ಬಸ್ಸು ಎಷ್ಟು ಕುಲುಕಿದರೂ ತುಪ್ಪ ಚೆಲ್ಲದಂಥ ಮುಚ್ಚಳ ಮನೆಯಲ್ಲಿ ಒಂದೇ ಡಬ್ಬಿಗಿತ್ತು. ಪುಡಿಯನ್ನು ಮಡಕೆಗೆ ಸುರಿದು, ಬೂದಿ ಹಾಕಿ ಮೂರು ಸಲ ತೊಳೆದು ಕಳಿಸಿದವನು ನಾನು. ನಿನ್ನ ಅವ್ವನಿಗೆ ಗೊತ್ತಿಲ್ಲ. ಡಬ್ಬಿಯನ್ನು ಯಾರಿಗೂ ಕೊಡಬೇಡ. ಸೋಮವಾರ ಬರುತ್ತೇನೆ, ಅದನ್ನು ತಂದು ಮೊದಲು ನಿನ್ನ ಅವ್ವನ ಮುಂದೆ, ಆಮೇಲೆ ಕೂಟದ ಮುಂದೆ ಇಡಬೇಕು.