ಬೇಲಿಗೆ ಕರೆಂಟ್ ಬಿಡೋ ಯಜಮಾನರಿಗೆ

ರೀ,

ಎರಡು ಸಲ ಎಬ್ಬಿಸಿದೆ. "ಹದಿನೆಂಟು ವರ್ಷ ಚರ್ಚಲ್ಲಿ ಬೈಬಲ್ ವಾಚನ ಮಾಡಿದವನು ನಾನು, ಒಂದು ಭಾನುವಾರ ತಪ್ಪಿದ್ರೆ ದೇವರೇನೂ ಮರೆಯಲ್ಲ" ಅಂತ ಮಗ್ಗುಲು ಬದಲಾಯಿಸಿದ್ರಿ. ಇದು ನಿಮ್ಮ ನಾಲ್ಕನೇ "ಒಂದು ಭಾನುವಾರ".

ನಾನು ಏಳು ಗಂಟೆ ಬಲಿಪೂಜೆಗೆ ಹೊರಟೆ. ಕಡುಬು ಬಿಸಿ ಇದೆ. ಪಂದಿಕರಿ ಮಧ್ಯಾಹ್ನಕ್ಕೆ, ಈಗಲೇ ರುಚಿ ನೋಡಬೇಡಿ.

ನಮ್ಮ ತೋಟಕ್ಕೆ ಆನೆ ಬಂದು ಎರಡು ವರ್ಷ ಆಯ್ತು. ಆದ್ರೂ ದಿನಾ ಸಂಜೆ ಸೋಲಾರ್ ಬೇಲಿಗೆ ಕರೆಂಟ್ ಬಿಡೋದು ಮರೆಯಲ್ಲ ನೀವು. ಕೇಳಿದ್ರೆ, "ಬರಲ್ಲ ಅಂತ ನಾವು ಮಲಗಿದ ದಿನವೇ ಅದು ಬರೋದು" ಅಂತೀರಿ. ಫಾದರ್‌ಗಿಂತ ಚೆನ್ನಾಗಿ ಪ್ರಸಂಗ ಮಾಡ್ತೀರಿ, ನಿಮಗೇ ಕೇಳಿಸಲ್ಲ ಅಷ್ಟೆ.

ಒಂಬತ್ತೂವರೆಗೆ ಎರಡನೇ ಪೂಜೆ. ಇಸ್ತ್ರಿ ಮಾಡಿದ ಶರ್ಟ್ ಕುರ್ಚಿ ಮೇಲಿದೆ. ವಾಚನಕ್ಕೆ ನಿಮ್ಮ ಹೆಸರು ಕೊಟ್ಟಾಗಿದೆ.

— ಸಿಸಿಲಿ