ಸೂತಕ ಹಿಡಿದ ಮನೆ

ಚನ್ನರಾಯಪಟ್ಟಣ
೧೪-೯-೧೯೬೧, ಗುರುವಾರ

ಪ್ರೀತಿಯ ಅಮ್ಮಾ,

ಅಲ್ಲ, ಹಂಗಲ್ಲ, ಬೇಜಾರು ಮಾಡ್ಕೋಬೇಡ, ಮತ್ತೆ ಮೊದಲಿಂದ ಶುರು ಮಾಡ್ತಾ ಇದೀನಿ. ಆಗ್ಲೇ ಬರೆದಿದ್ದು ಹರಿದು ಹಾಕ್ದೆ. ಕೋರ್ಟಿನ ಸಮಾಚಾರಾನೇ ಮೊದ್ಲು ಬರೆದ್ಬುಟ್ಟು ನಿನ್ನ ಮಂಡಿನೋವು ಕೇಳೋದೇ ಮರ್ತಿದ್ದೆ. ಹೆಂಗಿದೀಯ? ಹೊಳೆನರಸೀಪುರದ ತಣ್ಣೀರು ನಿಂಗೆ ಆಗ್ಬರಲ್ಲ, ಅಕ್ಕಂಗೆ ಹೇಳಿ ಕಾಯಿಸ್ಕೊ. ಇಲ್ಲಿ ನಾನು, ನಿನ್ನ ಸೊಸೆ ಚೆನ್ನಾಗಿದೀವಿ. ಕೊಬ್ಬರಿ ಮಂಡಿ ಏನೋ ನಡೀತಾ ಐತೆ.

ನಿನ್ನ ಕಿರೀಮಗ ನಾಗಕುಮಾರನ ಮೇಲೆ ಪ್ರೇಮಕುಮಾರಿ ಹಾಕಿದ್ದ ಕೇಸು ಸೋಮವಾರ ಬಂತಮ್ಮ. ಮದುವೆ ಆಗದೆ ಹುಟ್ಟಿದ್ರೂ ಮಗೂಗೆ ಅಪ್ಪ ಜೀವನಾಂಶ ಕೊಡ್ಬೇಕು ಅಂತ ಕಾಯಿದೆ ಐತಂತೆ. ನಂಗೇ ಗೊತ್ತಿರ್ಲಿಲ್ಲ, ಬಸದಿಗೆ ಹೂ ಕಟ್ಟಿ ಕೊಡೋ ಅನಂತಮತಿ ಮಗಳು, ಇವಳಿಗೆ ಹೆಂಗೆ ಗೊತ್ತಾಯ್ತೋ! ನೀನು ಅಕ್ಕನ ಮನೆಗೆ ಹೊರಡೋವಾಗ, ಕೇಳಿದ್ರೆ ಏನೂ ಗೊತ್ತಿಲ್ಲ ಅನ್ನು ಅಂದಿದ್ದೆಯಲ್ಲ, ಹಂಗೇ ಅನ್ನೋಣ ಅಂತ್ಲೇ ನಾನೂ ಹೋಗಿ ಕೂತಿದ್ದೆ.

ಆ ಹುಡುಗಿ ಮಗೂನ ಕಂಕುಳಲ್ಲಿ ಎತ್ಕೊಂಡು ಒಬ್ಳೇ ಬಂದ್ಲು. ವಕೀಲರಿಲ್ಲ, ಏನಿಲ್ಲ. ಕೋರ್ಟು ತುಂಬಾ ಗಂಡಸರು. ನಾನಾಗಿದ್ರೆ ನಾಲಿಗೇನೇ ಹೊರಳ್ತಿರ್ಲಿಲ್ಲ. ನಂಗೇನೂ ಬೇಡ ಸಾ, ನಾನು ದುಡ್ಕೊಂಡು ತಿಂತೀನಿ, ಮಗೂ ಅನ್ನ ಮಾತ್ರ ಅವರಪ್ಪ ಕೊಡ್ಲಿ ಅಂದ್ಲು. ನಮ್ಮ ನಾಗ, ಇವಳಿಗೂ ನಂಗೂ ಸಂಬಂಧಾನೇ ಇಲ್ಲ ಅಂದ್ಬುಟ್ಟ. ಅವನ ವಕೀಲ ಎದ್ದು, ಯಾಕಮ್ಮ, ಊರಲ್ಲಿ ಇವರೊಬ್ರೇನಾ ಗಂಡಸು ಅಂತ ಕುಟುಕ್ದ. ಎಲ್ರೂ ಗೊಳ್ಳಂತ ನಕ್ರು. ಅವಳು ಮಗೂನ ಇನ್ನೊಂದು ಕಂಕುಳಿಗೆ ಬದಲಾಯಿಸ್ಕೊಂಡು, ಗಂಡಸರು ಬೇಕಾದಷ್ಟು ಜನ ಅವ್ರೆ ಸಾ, ನನ್ನ ಮಗ ಹುಟ್ಟಿದ್ದಕ್ಕೆ ಸೂತಕ ಹಿಡಿದಿದ್ದು ಮಾತ್ರ ಒಂದೇ ಮನೆಯೋರು ಅಂದ್ಲು ಕಣಮ್ಮ!

ನಮ್ಮನೇನೇ ಅಂದಿದ್ದು. ಆ ಮಗು ಹುಟ್ಟಿದ ಸುದ್ದಿ ಬಂದ ದಿನಾನೇ ನೀನು ಅಭಿಷೇಕಕ್ಕೆ ಹಾಲು ಕಳಿಸೋದು ನಿಲ್ಲಿಸ್ದೆ. ಹತ್ತು ದಿನ ಮನೆಯೋರು ಯಾರನ್ನೂ ಬಸದಿ ಒಳಕ್ಕೆ ಹೋಗಕ್ಕೆ ಬಿಡ್ಲಿಲ್ಲ. ಊರಿಗೆ ಗೊತ್ತಾಗದಿದ್ರೂ ಸ್ವಾಮಿಗೆ ಗೊತ್ತಲ್ವೇನೋ ಅಂದಿದ್ದೆ ನೀನು. ಊರಿಗೂ ಗೊತ್ತಾಗಿತ್ತಮ್ಮ. ಬಸದಿ ಬಾಗಿಲಲ್ಲಿ ಹೂ ಕಟ್ಕೊಂಡು ಕೂತಿದ್ದ ಅನಂತಮತಿ ನೋಡ್ದೆ ಇರ್ತಾಳಾ?

ಹತ್ತು ದಿನ ಯಾಕೆ ಬಸದಿಗೆ ಹೋಗ್ಲಿಲ್ಲ ಅಂತ ಕೇಳಿದ್ದಕ್ಕೆ ನಾಗ, ಜ್ವರ ಬಂದಿತ್ತು ಅಂದ. ಮನೆಮಂದಿಗೆಲ್ಲಾ ಜ್ವರಾನಾ ಸಾ, ಅವರಣ್ಣ ಇಲ್ಲೇ ಕೂತವ್ರೆ, ಕೇಳಿ ಅಂದ್ಲು. ನನ್ನ ಕರೆದು ಪ್ರಮಾಣ ಮಾಡಿಸಿದ್ರು. ಧರಣಣ್ಣ, ಆ ಹತ್ತು ದಿನ ಬೀದೀಲೇ ನಿಂತು ಕೈಮುಗಿದು ಹೋಗ್ತಿದ್ರಲ್ಲ, ಯಾಕೆ ಅಂತ ಅವಳೇ ಕೇಳಿದ್ಲು. ದನಿಯಲ್ಲಿ ಒಂಚೂರು ಸಿಟ್ಟಿರ್ಲಿಲ್ಲ. ಏನೂ ಗೊತ್ತಿಲ್ಲ ಅನ್ನಕ್ಕೆ ಬಾಯಿ ತೆಗೆದೆ, ಆಗ್ಲಿಲ್ಲ. ಸೂತಕ ಸಾ ಅಂದೆ. ನಿಮ್ಮನೇಲಿ ಯಾರು ಹೆತ್ತಿದ್ರು ಅಂದ್ರು ಮ್ಯಾಜಿಸ್ಟ್ರೇಟರು. ನಮ್ಮನೇಲೂ ಇಲ್ಲ, ದಾಯಾದಿಗಳಲ್ಲೂ ಇಲ್ಲ, ಈ ಮಗೂದೇ ಸಾ ಅಂದೆ. ನಾಗ ನನ್ನ ನೋಡಿದ ನೋಟ ಬೇಡಮ್ಮ.

ಇವರ ತಾಯೀನೂ ಕರೆಸ್ಬೇಕಾ ಅಂತ ಮ್ಯಾಜಿಸ್ಟ್ರೇಟರು ಅವಳ್ನ ಕೇಳಿದ್ರು. ಬೇಡಿ ಸಾ, ವಯಸ್ಸಾದೋರು, ಅವರು ಸ್ವಾಮಿಗೆ ಹೆದರಿದ್ದಕ್ಕೇ ನಂಗೆ ನ್ಯಾಯ ಸಿಕ್ತಾ ಇರೋದು ಅಂದ್ಲು. ನಮ್ಮ ಮೇಲೆ ದಾವಾ ಹಾಕಿರೋಳು ನಿನ್ನ ಮರ್ಯಾದೆ ಕಾದ್ಲು. ತಿಂಗಳು ತಿಂಗಳು ಮಗೂಗೆ ಜೀವನಾಂಶ ಕೊಡ್ಬೇಕು ಅಂತ ಆರ್ಡರಾಯ್ತು. ಆಚೆ ಯಾರೋ, ಗೆದ್ಬುಟ್ಟೆ ಬಿಡವ್ವ ಅಂದ್ರೆ, ಗೆಲ್ಲೋಕೆ ಇದೇನು ಜೂಜಾ ಅಂದ್ಬುಟ್ಟು ಮಗೂ ಮೂಗು ಒರೆಸ್ಕೊಂಡು ಹೊರಟೋದ್ಲು. ಎಂಥೆಂಥಾ ಮಾತುಗಾರರನ್ನ ಮಂಡೀಲಿ ನೋಡಿದೀನಿ, ಇಂಥೋಳನ್ನ ನೋಡಿಲ್ಲ.

ಹೊಳೆನರಸೀಪುರಕ್ಕೆ ಹೊರಟಿರೋ ರಾಮಣ್ಣನ ಕೈಲಿ ಈ ಕಾಗದ ಕೊಡ್ತಾ ಇದೀನಿ, ಬಸ್ಸು ಬಂತು ಅಂತ ಕೂಗ್ತಾ ಅವ್ನೆ. ಅಕ್ಕ ಭಾವಂಗೆ ಕೇಳಿದೆ ಅನ್ನು. ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ ಹಿರೀಮಗ,
ಧರಣೇಂದ್ರ

ಮರೆತೆ, ಇದೇ ಮುಖ್ಯ: ನಾಗ ಹಾಸನಕ್ಕೆ ಅಪೀಲು ಹೋಗ್ತಾನಂತೆ. ಅಣ್ಣ ಹೇಳಿದ್ದು ಸುಳ್ಳು, ಸೂತಕಾನೇ ಇರ್ಲಿಲ್ಲ ಅಂತ ಬರೆಸ್ಕೊಂಡು ನಿನ್ನ ಸಹಿಗೆ ಭಾನುವಾರ ಅಲ್ಲಿಗೆ ಬರ್ತಾನೆ. ನಿನ್ನ ಮಗ, ಊಟಕ್ಕಿಕ್ಕು, ಬೈಬೇಡ. ಸಹಿ ಮಾತ್ರ ಹಾಕ್ಬೇಡಮ್ಮ. ಹಾಕಲೇಬೇಕು ಅನ್ನಿಸಿದ್ರೆ ಮೊದ್ಲು ಇಲ್ಲಿಗೆ ಬಾ, ಆ ಮಗೂನ ಒಂದ್ಸಲ ಎತ್ಕೊ, ಆಮೇಲೆ ಹಾಕು. ಬಂದೆ ರಾಮಣ್ಣ, ಬಂದೆ