ಎಲೆಯ ಬಲಗಡೆ

ರಾಯಚೂರು,
ಸರ್ವಜಿತ್ ಸಂವತ್ಸರ, ಮಾರ್ಗಶಿರ ಶುದ್ಧ ದಶಮಿ,
ಡಿಸೆಂಬರ್ ೧೯೪೭

ಪ್ರೀತಿಯ ಜಯತೀರ್ಥಾ,

ಮೊದಲು ನಿನ್ನ ಮೈಯ ಮಾತು ಹೇಳು. ಗದಗಿನ ಶಿಬಿರದಲ್ಲಿ ಎರಡು ಹೊತ್ತು ಊಟ ಸಿಗುತ್ತಿದೆಯೇ? ಹೊದೆಯಲು ಏನಾದರೂ ಇದೆಯೇ? ಮಾರ್ಗಶಿರ ಬಂತೆಂದರೆ ನಿನಗೆ ಕೆಮ್ಮು ತಪ್ಪಿದ್ದಿಲ್ಲ. ಇಲ್ಲಿ ಹಾಲು ಕಾಸುವಾಗಲೆಲ್ಲ ನೀನು ಒಳಮನೆಯಲ್ಲಿ ಕೆಮ್ಮಿದಂತಾಗಿ ಕೈ ತಾನಾಗಿ ಅರಿಶಿನದ ಡಬ್ಬಿಗೆ ಹೋಗುತ್ತದೆ. ನಿಜಾಮನ ಕೈಯಿಂದ ರಾಜ್ಯ ಬಿಡಿಸಲು ಹೊರಟವನಿಗೆ ಅತ್ತೆ ಅರಿಶಿನದ ಹಾಲಿನ ಮಾತು ಬರೆಯುತ್ತಾಳೆ ಎಂದು ಗೆಳೆಯರೆದುರು ನಗಬೇಡ. ತಾಯಿ ಇಲ್ಲದ ಕೂಸನ್ನು ಎತ್ತಿ ಆಡಿಸಿದವಳಿಗೆ ಆ ಕೂಸು ಮೀಸೆ ಬಿಟ್ಟರೂ ಕೂಸೇ. ಕಾಳುಮೆಣಸು ಕಟ್ಟಿ ಕಳಿಸಿದ್ದೇನೆ, ಬಾಯಲ್ಲಿ ಹಾಕಿಕೊಂಡಿರು.

ಈ ಪತ್ರ ತಂದವರು ಖಾಸಿಂ ಸಾಬರು. ಹತ್ತಿ ವ್ಯಾಪಾರಕ್ಕೆ ಗದಗಿಗೆ ಬಂದು ಹೋಗುವವರು. ಅಂಚೆಗೆ ಹಾಕಿದರೆ ಸರ್ಕಾರದವರು ಒಡೆದು ನೋಡುತ್ತಾರೆ, ನಿನ್ನ ಹೆಸರಿಗೆ ವಾರಂಟು ಬೇರೆ ಇದೆ. ಸಿಕ್ಕರೆ ತಮಗೂ ಕಷ್ಟವೆಂದು ಗೊತ್ತಿದ್ದೂ ಅವರು ತಾವಾಗಿ ಕೇಳಿ ಇಸಿದುಕೊಂಡರು. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಬೇಡ, ಕೂರಿಸಿ ಚಹಾ ಕೊಡು.

ಇನ್ನು ಸುದ್ದಿ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿಮ್ಮಪ್ಪನ ತಲೆಯೊಳಗೆ, ಹಿಂಭಾಗದಲ್ಲಿ, ಗಡ್ಡೆ ಬೆಳೆದಿದೆ. ಅದು ಅವನ ಅರ್ಧ ನೋಟವನ್ನು ತಿಂದಿದೆ. ಹುಣ್ಣಿಮೆಯ ಮರುದಿನ ಮೇಲ್ ಗಾಡಿಯಲ್ಲಿ ಅವನನ್ನು ಮದ್ರಾಸಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿ ತಲೆಬುರುಡೆ ತೆರೆದು ಅದನ್ನು ತೆಗೆಯುತ್ತಾರಂತೆ. ಅಕ್ಷರ ಸೊಟ್ಟಗಾದರೆ ಸರಿಮಾಡಿಕೊಂಡು ಓದು.

ಇದು ಎಂದು ಶುರುವಾಯಿತೋ ದೇವರಿಗೇ ಗೊತ್ತು. ನನಗೆ ಕಂಡದ್ದು ಶಾಕವ್ರತ ಮುಗಿದ ದಿನ. ತಿಂಗಳಿಡೀ ಕಾಯಿಪಲ್ಯ ಬಿಟ್ಟು ಹೆಸರುಬೇಳೆ, ಮೆಣಸಿನಲ್ಲೇ ಕಳೆದಿದ್ದೆವಲ್ಲ, ಅಂದು ಬಾಯಿ ಕೆಟ್ಟವರಿಗೆ ರುಚಿಯಾಗಲೆಂದು ಎಳೆ ಹೀರೇಕಾಯಿ ತರಿಸಿ ಪಲ್ಯ ಮಾಡಿದೆ. ನೀನು ತಡವಾಗಿ ಬಂದು ಒಬ್ಬನೇ ಕುಳಿತು ಎರಡೆರಡು ಸಲ ಹಾಕಿಸಿಕೊಂಡೆ. ನಿಮ್ಮಪ್ಪ ಮುಟ್ಟಲಿಲ್ಲ. ಎಲೆಯ ಎಡಗಡೆಯ ಉಪ್ಪು, ಕೋಸಂಬರಿ, ನಡುವಿನ ಅನ್ನ ಎಲ್ಲ ಸ್ವಚ್ಛ, ಬಲಗಡೆಯ ಪಲ್ಯ ಹಾಕಿದ ಹಾಗೇ ಇತ್ತು. ಮರುದಿನವೂ ಹಾಗೇ. ವ್ರತವನ್ನು ಇನ್ನೊಂದು ತಿಂಗಳು ಮುಂದುವರಿಸಿದ್ದಾನೆ, ಹೇಳಿಕೊಳ್ಳುವ ಸ್ವಭಾವ ಅವನದಲ್ಲ ಎಂದು ನಾನು ಹಿಗ್ಗಿದೆ. ಅಕ್ಕಪಕ್ಕದವರ ಮುಂದೆ ಹೊಗಳಿಕೊಂಡೂ ಬಂದೆ. ಅವನಾದರೋ ಎಲೆಯ ಮೇಲೆ ಪಲ್ಯವೇ ಇಲ್ಲ, ಅಕ್ಕ ವ್ರತ ಮುಂದುವರಿಸಿದ್ದಾಳೆ, ವಿಧವೆಯ ನೇಮ, ಕೇಳಿ ನೋಯಿಸಬಾರದು ಎಂದು ಸುಮ್ಮನಿದ್ದನಂತೆ. ಒಂದೇ ಅಡಿಗೆಮನೆಯಲ್ಲಿ ಅಕ್ಕ ತಮ್ಮ ಒಬ್ಬರ ವ್ರತಕ್ಕೆ ಒಬ್ಬರು ಮರ್ಯಾದೆ ಕೊಡುತ್ತ ಕುಳಿತೆವು, ಗಡ್ಡೆ ಬೆಳೆಯುತ್ತ ಹೋಯಿತು. ಇಂಥ ಬುದ್ಧಿವಂತರು ಬೇರೆ ಯಾರ ಮನೆಯಲ್ಲಿ ಇರುತ್ತಾರೆ ಹೇಳು.

ಚಾತುರ್ಮಾಸ್ಯದಲ್ಲಿ ಅವನು ಗುಡಿಯಲ್ಲಿ ಪುರಾಣ ಓದುವುದು ನಮ್ಮ ಮಾನ್ವಿಗೆಲ್ಲ ಗೊತ್ತಿದ್ದದ್ದೇ. ಈ ಸಲ ಓದು ಮುಗ್ಗರಿಸತೊಡಗಿತು. ಸಾಲಿನ ನಡುವೆ ನಿಲ್ಲುವುದು, ಅರ್ಧ ನುಂಗಿ ಕೆಳಗಿನ ಸಾಲಿಗೆ ಹಾರುವುದು. ಅದೇ ಮನುಷ್ಯ ಕಚೇರಿಯ ಮುಂದೆ ಊರವರಿಗೆ ಸರ್ಕಾರಿ ಉರ್ದು ಪ್ರಕಟಣೆಯನ್ನು ನೀರು ಕುಡಿದಂತೆ ಓದಿ ಹೇಳುತ್ತಿದ್ದ. ಲೋಕದ ಬಾಯಿಗೆ ಬೀಗ ಉಂಟೇ? ಭೀಮಸೇನರಾಯ ಮಾಸ್ತರರಿಗೆ ನಿಜಾಮನ ಭಾಷೆ ನಾಲಗೆಯ ಮೇಲಿದೆ, ದೇವರ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರು. ಕೇಳುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೊನೆಗೆ ಪೂಜಾರಿಗಳು ಬೇರೆ ಯಾರಿಂದಲೋ ಓದಿಸಿದರು. ಇವನು ಕಂಬಕ್ಕೊರಗಿ ಕೇಳುತ್ತ ಕುಳಿತಿದ್ದ.

ಆ ಮಾತು ನಿನ್ನ ಕಿವಿಗೂ ಬಿದ್ದಿತ್ತು, ನಾನು ಬಲ್ಲೆ. ನೀನು ಮನೆ ಬಿಟ್ಟ ದಿನವನ್ನು ಈಗ ಇನ್ನೊಮ್ಮೆ ನೆನೆ. ಗೆಳೆಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ನಿಮ್ಮ ಕನ್ನಡದ ಕರಪತ್ರ ಅಪ್ಪನ ಕೈಗೆ ಕೊಟ್ಟು, ಓದಿ ಹರಸಿರಿ ಎಂದೆ. ಅವನು ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ, ಓದದೆ ತಿರುಗಿ ಕೊಟ್ಟ. ಅಷ್ಟರಲ್ಲಿ ಸ್ಕೂಲಿನ ಜವಾನ ಉರ್ದು ಸುತ್ತೋಲೆ ತಂದ. ಅದನ್ನು ಗಡಗಡ ಓದಿ ರುಜು ಹಾಕಿದ. ನಿನ್ನ ಮುಖ ಕೆಂಪಾಗಿದ್ದು ನಾನು ಹೊಸ್ತಿಲಲ್ಲಿ ನಿಂತು ಕಂಡೆ. "ದರ್ಬಾರದ ಅಕ್ಷರ ಕಂಡ್ರ ಮಾತ್ರ ನಿಮ್ಮ ಕಣ್ಣು ಚುರುಕಾಗ್ತಾವ. ಇನ್ನ ಮ್ಯಾಲೆ ನನ್ನ ಕೈ ಉರ್ದು ಬರದ್ರ ಆ ಕೈ ಕಡದು ಹಾಕ್ರಿ," ಎಂದು ದೇವರ ಮನೆಯ ಕಡೆ ಕೈ ಮಾಡಿ ಆಣೆ ಇಟ್ಟು ಹೋದೆ. ನಿನಗೆ ಉರ್ದು ಅಕ್ಷರ ತಿದ್ದಿಸಿದ ಕೈ ಅವನದು. ಕನ್ನಡ ತಿದ್ದಿಸಿದ ಕೈಯೂ ಅವನದೇ.

ಆಮೇಲೆ ತಲೆನೋವು ಹೆಚ್ಚಾಯಿತು. ಬೆಳಿಗ್ಗೆ ಎದ್ದೊಡನೆ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ಮಗ ಹೋದ ಕೊರಗು ಎಂದುಕೊಂಡೆ. ಕಣ್ಣಿಗೆ ಹೊಸ ಚಾಳೀಸು ತಂದದ್ದೂ ಆಯಿತು, ಅದು ಮೂಗಿಗೆ ಭಾರವಾದದ್ದೊಂದೇ ಲಾಭ. ಹಿತ್ತಲ ಗಿಡ ಮದ್ದಲ್ಲವಲ್ಲ, ಮಾನ್ವಿಯ ವೈದ್ಯರನ್ನು ಬಿಟ್ಟು ದೇವದುರ್ಗಕ್ಕೆ ಬಂಡಿ ಕಟ್ಟಿಸಿದೆ. ಅಲ್ಲಿಯ ಪಂಡಿತರು ಪಿತ್ತ ತಲೆಗೇರಿದೆ ಎಂದು ಮೂಗಿಗೆ ಹನಿ, ನೆತ್ತಿಗೆ ಎಣ್ಣೆ ಕೊಟ್ಟರು. ಕೆಲವು ದಿನ ನೋವು ಇಳಿದಂತಾಗಿ ನಾನು ತುಪ್ಪದ ದೀಪ ಹಚ್ಚಿದೆ. ಮತ್ತೆ ಮೊದಲಿಗಿಂತ ಜೋರಾಗಿ ಬಂತು.

ಗೊತ್ತಾದದ್ದು ಜಿಲಾನಿ ಪಾಷಾ ಮಾಸ್ತರರಿಂದ. ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಕೂಡಿ ಮನೆಗೆ ಬರುತ್ತಿದ್ದರಂತೆ. ನಿಮ್ಮಪ್ಪ ನಡುದಾರಿಯಲ್ಲಿ ನಿಂತು, "ಪಾಷಾ ಸಾಹೇಬ್ರು ಎಲ್ಲಿ ಹೋದ್ರು?" ಎಂದು ಎದುರಿಗೆ ಬರುತ್ತಿದ್ದವರನ್ನು ಕೇಳಿದನಂತೆ. ಪಾಷಾ ಅವನ ಬಲಗೈ ಹತ್ತಿರವೇ ನಡೆಯುತ್ತಿದ್ದರು. ಅವರು ಮನೆಯೊಳಗೂ ಬರದೆ ಅಂಗಳದಲ್ಲೇ ನಿಂತು ನನ್ನನ್ನು ಕರೆದು, "ಅಕ್ಕಾವ್ರೇ, ಇದು ಪಿತ್ತ ಅಲ್ರಿ. ನಾಳಿನ ಬಸ್ಸಿಗೇ ರಾಯಚೂರಿಗೆ ಹೊಂಡ್ರಿ, ನಾನೂ ಬರ್ತೀನಿ," ಎಂದರು. ಹಾಗೆ ಬಂದವರು ಇನ್ನೂ ಇಲ್ಲೇ ಇದ್ದೇವೆ, ಮಠದ ಹಿಂದಿನ ಒಂದು ಕೋಣೆಯಲ್ಲಿ.

ಇಲ್ಲಿಯ ಡಾಕ್ಟರ್ ಗೋವಿಂದರಾಜುಲು ಮದ್ರಾಸಿನಲ್ಲಿ ಕಲಿತವರು, ಮನೆಮಾತು ತೆಲುಗು. ಗೋಡೆಗೆ ತೂಗುಹಾಕಿದ ಬಿಡಿ ಅಕ್ಷರಗಳನ್ನು ಓದಿಸಿದರು. ತಲೆಯನ್ನು ಅತ್ತಿತ್ತ ಹೊರಳಿಸಿ ನಿಮ್ಮಪ್ಪ ತೀರ ಸಣ್ಣ ಅಕ್ಷರವನ್ನೂ ಓದಿಬಿಟ್ಟ. ಕಣ್ಣು ಚೆನ್ನಾಗಿದೆ ಎಂದು ನನಗೆ ಜೀವ ಬಂತು. ಆಗ ಪಾಷಾ ತಡೆಯಲಾರದೆ, ಕನ್ನಡ ಓದಲು ಬರುತ್ತಿಲ್ಲ, ಉರ್ದು ಬರುತ್ತದೆ, ಅದಕ್ಕೆ ಊರವರು ಇವರನ್ನು ದ್ರೋಹಿ ಎನ್ನುತ್ತಾರೆ ಎಂದು ಸಿಟ್ಟಿನಲ್ಲೇ ಹೇಳಿದರು. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಊಟ ಹೇಗೆ ಮಾಡುತ್ತಾರೆ ಎಂದು ನನ್ನನ್ನು ಕೇಳಿದರು. ಡಾಕ್ಟರಿಗೆ ಊಟದ ಗೊಡವೆ ಯಾಕೆ ಎಂದುಕೊಂಡೇ ಪಲ್ಯದ ಕಥೆ ಹೇಳಿದೆ. ಅವರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಕುಳಿತು, ಅವನ ಒಂದು ಕಣ್ಣು ಮುಚ್ಚಿಸಿ, ತಮ್ಮ ಬೆರಳನ್ನು ಅತ್ತ ಇತ್ತ ಆಡಿಸಿದರು. ಎಡಗಡೆ ಆಡಿಸಿದರೆ ಹೇಳುತ್ತಿದ್ದ. ಬಲಗಡೆ ಆಡಿಸಿದರೆ ಇನ್ನೂ ಶುರು ಮಾಡಿಲ್ಲವೇನೋ ಎಂದು ಕಾಯುತ್ತ ಕುಳಿತಿರುತ್ತಿದ್ದ. ಇನ್ನೊಂದು ಕಣ್ಣಿಗೂ ಹಾಗೇ ಮಾಡಿದರು, ಅದಕ್ಕೂ ಬಲಗಡೆ ಇಲ್ಲ. ನನಗೆ ಬೆರಳು ಕಾಣುತ್ತಿದೆ, ಅವನಿಗೆ ಕಾಣುತ್ತಿಲ್ಲ, ಕಾಣುತ್ತಿಲ್ಲ ಎಂಬುದೂ ಅವನಿಗೆ ಗೊತ್ತಿಲ್ಲ. ಜಯತೀರ್ಥಾ, ಅದನ್ನು ನೋಡಿ ಬಾಯಿಗೆ ಸೆರಗು ತುರುಕಿಕೊಂಡು ನಿಂತೆ.

ಪುಟ್ಟ ದೀಪ ಹಿಡಿದು ಕಣ್ಣಿನೊಳಗೆ ಬಹಳ ಹೊತ್ತು ನೋಡಿ, ಒಳಗಿನ ನರದ ಬುಡ ಬಾತಿದೆ ಎಂದರು. ಎರಡೂ ಕಣ್ಣುಗಳ ಬಲಗಡೆಯ ನೋಟ ಹೋಗಿ ಸೇರುವುದು ಮಿದುಳಿನ ಹಿಂದೆ, ಎಡಭಾಗಕ್ಕಂತೆ. ರೋಗ ಅಲ್ಲಿದೆ, ಕಣ್ಣಿನಲ್ಲಿಲ್ಲ. ಕನ್ನಡ ಎಡದಿಂದ ಬಲಕ್ಕೆ ಹೋಗುತ್ತದೆ, ಮುಂದೆ ಬರುವ ಅಕ್ಷರವೆಲ್ಲ ಅವನಿಗೆ ಕತ್ತಲು. ಉರ್ದು ಬಲದಿಂದ ಎಡಕ್ಕೆ ಬರುತ್ತದೆ, ಸಾಲಿನ ತಲೆ ಹುಡುಕಿಕೊಂಡರೆ ಮುಂದಿನದು ಬೆಳಕಿನಲ್ಲೇ ಇರುತ್ತದೆ. ಇಷ್ಟೇ ಸಂಗತಿ. ಇದಕ್ಕೆ ಗುಡಿಯವರು ದೂರ ಮಾಡಿದರು, ಮಗ ಮನೆ ಬಿಟ್ಟ. ಎಲ್ಲ ಕೇಳಿ ನಿಮ್ಮಪ್ಪ ನನ್ನ ಕಡೆ ತಿರುಗಿ, "ಅಕ್ಕಾ, ಜಯತೀರ್ಥನ ಹಾಳಿಯೊಳಗ ಸಾಲು ಅರ್ಧಕ್ಕ ಮಾಯ ಆಗ್ತಿದ್ವು. ನನಗ ಬುದ್ಧಿ ಕೆಟ್ಟದ ಅಂದ್ಕೊಂಡೆ. ಅವನ ಗೆಳೆಯಾರ ಮುಂದ ಮಾಸ್ತರಗ ಓದ್ಲಿಕ್ಕೆ ಬರೂದಿಲ್ಲ ಅಂತ ಹ್ಯಾಂಗ ಹೇಳ್ಲಿ?" ಎಂದ. ಇದು ಅವನ ಬಾಯಿಂದ ಬಂದ ಮಾತು, ನಾನು ಒಂದಕ್ಷರ ಸೇರಿಸಿಲ್ಲ.

ಸುಮ್ಮನೆ ಬಿಟ್ಟರೆ ಉಳಿದ ನೋಟವೂ ಹೋಗಿ, ಆಮೇಲೆ ಜೀವವೂ ಹೋಗುತ್ತದೆ ಎಂದರು ಡಾಕ್ಟರು. ತೆಗೆಸಿದರೆ ಉಳಿಯಬಹುದು, ಉಳಿಯದೆಯೂ ಇರಬಹುದು. ಉಳಿದರೂ ಓದು, ಮಾತು ಇರುತ್ತದೆಂದು ಆಣೆ ಇಟ್ಟು ಹೇಳಲಾರೆ ಎಂದರು. ಇಷ್ಟೆಲ್ಲ ಕೇಳಿಯೂ ಅಳದವನು, ತಲೆ ಪೂರ್ತಿ ಬೋಳಿಸಬೇಕು, ಶಿಖೆ ಇಡುವ ಹಾಗಿಲ್ಲ ಎಂದಾಗ ಅತ್ತುಬಿಟ್ಟ. ಶಿಖೆ ಇಲ್ಲದೆ ಸಂಧ್ಯಾವಂದನೆ ಹೇಗೆ, ಅದರ ಬದಲು ಹೀಗೇ ಸಾಯುತ್ತೇನೆ ಎಂದು ಹಟ ಹಿಡಿದ. ಎರಡು ದಿನ ಪಾಷಾ ಹೇಳಿದರು, ಮಠದ ಸ್ವಾಮಿಗಳು ಹೇಳಿದರು, ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ನಾನು ಅವನ ಎಡಗಡೆ ಹೋಗಿ ಕುಳಿತು, ಅವನಿಗೆ ಕಾಣುವ ಹಾಗೆ, ತಲೆಯ ಮೇಲಿನ ಸೆರಗು ತೆಗೆದೆ. "ನೋಡು ಭೀಮೂ. ಹದಿನಾಲ್ಕನೇ ವರ್ಷಕ್ಕ ಈ ತಲಿ ಬೋಳಿಸಿದ್ರು. ಯಾರೂ ನನ್ನ ಕೇಳ್ಲಿಲ್ಲ. ನಾ ಸತ್ತೇನೇನು?" ಎಂದೆ. ಅಂದಿನಿಂದ ಇಷ್ಟು ವರ್ಷದಲ್ಲಿ ತಮ್ಮನೆದುರು ನಾನು ತಲೆ ತೋರಿಸಿದ್ದು ಅದೊಂದೇ ಸಲ. ಅವನು ನನ್ನ ಪಾದ ಹಿಡಿದುಕೊಂಡ. ಆಗಲಿ ಎಂದ.

ಈಗ ನಾನು ಎಲೆ ಬಡಿಸುವ ರೀತಿ ನೋಡಿದರೆ ನಮ್ಮ ಹಿರಿಯರು ಎದ್ದು ಬಂದಾರು. ಪಲ್ಯ, ಹುಳಿ ಎಲ್ಲ ಎಡಗಡೆಯೇ. ಉಪ್ಪಿನ ಜಾಗದಲ್ಲಿ ಬದನೇಕಾಯಿ. ಮಠದ ಪಂಕ್ತಿಯ ಹೆಂಗಸರು ಮೂಗು ಮುರಿದರು, ಮುರಿಯಲಿ. ಅವನು ತಿನ್ನುತ್ತಾನಲ್ಲ, ಅಷ್ಟು ಸಾಕು. ಆದರೆ ನನಗೆ ಭಯವಾಗಿದೆ. ಜಪಕ್ಕೆ ಕುಳಿತರೆ ಮಣಿ ಬೆರಳಲ್ಲಿ ನಿಂತುಬಿಡುತ್ತದೆ. ನನಗೆ ಗಂಡ ಉಳಿಯಲಿಲ್ಲ, ನಿನ್ನನ್ನು ನನ್ನ ಮಡಿಲಿಗೆ ಹಾಕಿ ನಿನ್ನ ತಾಯಿ ಉಳಿಯಲಿಲ್ಲ. ಇವನೊಬ್ಬನನ್ನಾದರೂ ಬಿಡು ಎಂದು ದೇವರನ್ನು ಬೇಡುವುದಲ್ಲ, ಈಗ ಜಗಳವನ್ನೇ ಆಡುತ್ತಿದ್ದೇನೆ. ನೀನು ಬರಬೇಡ. ಸ್ಟೇಷನ್ನಿನಲ್ಲಿ ಪೊಲೀಸರು ಪ್ರತಿ ಗಾಡಿ ನೋಡುತ್ತಾರೆ, ಮಗನ ಕೈಗೆ ಬೇಡಿ ಬಿದ್ದದ್ದನ್ನು ಕಂಡು ಅವನು ಮದ್ರಾಸಿಗೆ ಹೋಗುವುದು ಬೇಡ. ಮದ್ರಾಸಿಗೆ ನನ್ನ ಜೊತೆ ಪಾಷಾ ಬರುತ್ತಾರೆ.

ನಾಳೆ ಏಕಾದಶಿ. ನೀನು ಉಪವಾಸ ಮಾಡಬೇಡ, ನಿನ್ನದೂ ಸೇರಿಸಿ ನಾನೇ ಮಾಡುತ್ತೇನೆ. ನಿನ್ನ ಗೆಳೆಯರಿಗೆಲ್ಲ ನನ್ನ ಆಶೀರ್ವಾದ ತಿಳಿಸು. ನೂರು ವರ್ಷ ಬಾಳು, ಕೆಮ್ಮು ಜೋಕೆ, ಎಲ್ಲಿದ್ದರೂ ಸುಖವಾಗಿರು ಕಂದಾ.

ನಿನ್ನ ಸೋದರತ್ತೆ,
ತುಂಗಾಬಾಯಿ

ತಾಜಾ ಕಲಂ: ಖಾಸಿಂ ಸಾಬರು ಹೊರಗೆ ನಿಂತಿದ್ದಾರೆ, ಗಾಡಿಗೆ ಹೊತ್ತಾಯಿತು. ಇದಕ್ಕೇ ಇಷ್ಟುದ್ದ ಬರೆದೆ, ಹೇಳಬೇಕಾದದ್ದೇ ಉಳಿಯಿತು. ಹುಣ್ಣಿಮೆಯೊಳಗೆ ಅವರು ತಿರುಗಿ ಬರುತ್ತಾರೆ, ಅವರ ಕೈಯಲ್ಲಿ ಅಪ್ಪನಿಗೆ ಪತ್ರ ಕೊಡು. ಉರ್ದುವಿನಲ್ಲಿ ಬರೆ. ಕನ್ನಡದಲ್ಲಿ ಬರೆದರೆ ನಾನು ಓದಿ ಹೇಳಬೇಕಾಗುತ್ತದೆ, ಅದು ಅವನಿಗೆ ಬೇಡವಂತೆ, ಮಗನ ಅಕ್ಷರವನ್ನು ಒಂದು ಸಲ ತಾನೇ ಓದಬೇಕಂತೆ. ಮದ್ರಾಸಿನಿಂದ ಬಂದ ಮೇಲೆ ಅದೂ ಆಗುತ್ತದೋ ಇಲ್ಲವೋ. ನೀನು ಇಟ್ಟ ಆಣೆಯ ಪಾಪ ನನಗಿರಲಿ, ಪ್ರಾಯಶ್ಚಿತ್ತ ನಾನು ಮಾಡಿಕೊಳ್ಳುತ್ತೇನೆ. ಅಕ್ಷರ ದಪ್ಪ ಬರೆ, ಸಾಲು ಬಿಡಿಸಿ ಬರೆ. ಹಾಳೆಯ ಬಲಗಡೆಯ ಅಂಚಿಗೆ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ ಎಳೆ. ಆ ಗೆರೆ ಸಿಗುವ ತನಕ ತಲೆ ತಿರುಗಿಸು, ಸಾಲು ಅಲ್ಲಿಂದ ಶುರುವಾಗುತ್ತದೆ ಎಂದು ಡಾಕ್ಟರು ಅವನಿಗೆ ಕಲಿಸಿದ್ದಾರೆ. ಕೆಂಪು ಮಸಿ ಸಿಗದಿದ್ದರೆ ಕುಂಕುಮ ಕಲಸಿ ಎಳೆ. ಒಂದೇ ಸಾಲಾದರೂ ಸಾಕು, ಗೆರೆ ಮಾತ್ರ ಮರೆಯಬೇಡ.